ವಯಸ್ಸಾಯಿತು, ಕುಡಿಯಲಿ ಬಿಡಿ!

ನಮ್ಮ ಚೇಳೂರು ಸೀಮೆಯಲ್ಲಿ ಮುದುಕರನ್ನು ಕುರಿತು ಎರಡು ಮಾತುಗಳು ಬಹಳವಾಗಿ ಚಾಲ್ತಿಯಲ್ಲಿವೆ. ಜಗಲಿಯಿಂದ ಏಳುವಾಗ ಕಂಬ ಹಿಡಿದರೆ, ಬಸ್ಸಿನ ಮೆಟ್ಟಿಲು ಹತ್ತಲಾರದೆ ನಿಂತರೆ, ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರೆ, ನೋಡಿದವರು ‘ವಯಸ್ಸಾಯ್ತಲ್ಲ, ಇನ್ನೇನು?’ ಎನ್ನುತ್ತಾರೆ. ಅದೇ ಮುದುಕರು ಸಂಜೆ ಟವಲಿನ ಮರೆಯಲ್ಲಿ ಪುಟ್ಟ ಪೊಟ್ಟಣವೊಂದನ್ನು ತಂದು ಕೊಟ್ಟಿಗೆಯ ಹಿಂದೆ ಕುಳಿತರೆ, ‘ಇನ್ನೆಷ್ಟು ದಿನ ಇದ್ದಾರು, ಕುಡೀಲಿ ಬಿಡಿ’ ಎನ್ನುತ್ತಾರೆ. ಎರಡೂ ಕರುಣೆಯ ಮಾತುಗಳಂತೆಯೇ ಕೇಳಿಸುತ್ತವೆ. ಎರಡನ್ನೂ ಆಡುವವರು ಒಂದೇ ಮನೆಯವರು. ಕೆಲವೊಮ್ಮೆ ಒಂದೇ ದಿನ. ಆದರೆ ಬೆಳಗಿನ ಮಾತಿಗೂ ಸಂಜೆಯ ಮಾತಿಗೂ ಏನಾದರೂ ನಂಟಿದೆಯೇ ಎಂದು ಕೇಳಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ನಂಟಿದೆ, ಬಲವಾದ ನಂಟಿದೆ ಎಂಬುದೇ ಈ ಬರಹದಲ್ಲಿ ನಾನು ಮಂಡಿಸಬೇಕೆಂದಿರುವ ವಿಚಾರ.

ನಾನು ವೈದ್ಯನಲ್ಲ, ಮದ್ಯಪಾನ ವಿರೋಧಿ ಸಂಘದ ಪ್ರಚಾರಕನೂ ಅಲ್ಲ. ಪಾಠ ಹೇಳಿ ನಿವೃತ್ತನಾದವನು. ನಿವೃತ್ತಿಯ ನಂತರ ಓದುವುದಕ್ಕೂ ನೋಡುವುದಕ್ಕೂ ಬಿಡುವು ದೊರೆತಿದೆ. ನನ್ನ ಓರಗೆಯವರು ಒಬ್ಬೊಬ್ಬರಾಗಿ ಕೋಲು ಹಿಡಿಯುತ್ತಿರುವುದನ್ನು ನೋಡುತ್ತಿರುವುದರಿಂದ ಈ ವಿಷಯದಲ್ಲಿ ನನಗೆ ಸ್ವಾರ್ಥವೂ ಇದೆಯೆಂದು ಓದುಗರು ತಿಳಿದರೆ ತಪ್ಪೇನಿಲ್ಲ.

ಚೇಳೂರು ಎಂದರೆ ಹೊರಗಿನವರಿಗೆ ಹಲಸು ನೆನಪಾಗುತ್ತದೆ. ಗುಬ್ಬಿ ತಾಲ್ಲೂಕಿನ ಈ ಹೋಬಳಿಯ ಹಲಸಿನ ಮಾರುಕಟ್ಟೆಗೆ ಸುಗ್ಗಿಯ ದಿನಗಳಲ್ಲಿ ದೂರದೂರದಿಂದ ವರ್ತಕರು ಬರುತ್ತಾರೆ. ಕೆಂಪು ತೊಳೆಯ ‘ಸಿದ್ದು’ ಹಲಸು ಇಲ್ಲಿಂದಲೇ ಹೊರಟು ಹೆಸರು ಮಾಡಿದೆ. ತೆಂಗು ಅಡಿಕೆಗಳೂ ಇವೆ. ಇವೆಲ್ಲವೂ ಮೈಕಸುವನ್ನು ಬೇಡುವ ಬೆಳೆಗಳು. ಮರ ಹತ್ತಬೇಕು, ಕಾಯಿ ಹೊರಬೇಕು, ನೆಟ್ಟ ಕಂಬಿಗೆ ತೆಂಗಿನಕಾಯಿಯನ್ನು ಚುಚ್ಚಿ ಸುಲಿಯಬೇಕು. ಐವತ್ತು ವರ್ಷ ಹೀಗೆ ದುಡಿದವರು ಸಂಜೆಯಾದರೆ ಮೈಕೈ ನೋವಿಗೆಂದು ಸ್ವಲ್ಪ ಕುಡಿಯುತ್ತಿದ್ದುದು ಇಲ್ಲಿ ಗುಟ್ಟಿನ ಸಂಗತಿಯಾಗಿರಲಿಲ್ಲ. ಆಗ ಕುಡಿದವರಲ್ಲಿ ಬದುಕುಳಿದವರೇ ಇಂದಿನ ತಾತಂದಿರು. ಅವರ ಮಕ್ಕಳು ತುಮಕೂರಿನಲ್ಲೋ ಪೀಣ್ಯದಲ್ಲೋ ಕೆಲಸದಲ್ಲಿದ್ದಾರೆ. ಊರಿನಲ್ಲಿ ತಾತ, ಅಜ್ಜಿ, ಎರಡು ಹಸು ಮತ್ತು ಒಂದು ಟಿ.ವಿ.

ಅವರು ಈಗಲೂ ಕುಡಿಯುತ್ತಾರೆ. ಮೊದಲಿನಷ್ಟೇ ಎಂದು ಹೇಳುತ್ತಾರೆ. ‘ನಾನೇನು ಜಾಸ್ತಿ ಮಾಡಿಲ್ಲ ಮೇಷ್ಟ್ರೇ, ಅವತ್ತು ಎಷ್ಟೋ ಇವತ್ತೂ ಅಷ್ಟೇ’ ಎಂದು ಒಬ್ಬರು ನನಗೆ ಪ್ರಾಮಾಣಿಕವಾಗಿಯೇ ಹೇಳಿದರು. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಅವರು ಯೌವನದಲ್ಲಿ ಕುಡಿಯುತ್ತಿದ್ದುದು ಈಚಲ ಹೆಂಡ. ರಾಜರತ್ನಂ ಅವರ ಎಂಡಗುಡುಕ ರತ್ನ ಕುಡಿದದ್ದೂ ಹೆಂಡವನ್ನೇ. (ಆ ರತ್ನ ಕನ್ನಡಿಗರ ಮನಸ್ಸಿನಲ್ಲಿ ಎಂದೆಂದಿಗೂ ತರುಣನಾಗಿಯೇ ಉಳಿದಿದ್ದಾನೆ. ಎಪ್ಪತ್ತೈದು ವರ್ಷದ ರತ್ನ ಬಚ್ಚಲಲ್ಲಿ ಜಾರಿಬಿದ್ದು, ಪುಟ್ನಂಜಿ ಅವನನ್ನು ಎತ್ತಲಾರದೆ ಅಕ್ಕಪಕ್ಕದವರನ್ನು ಕೂಗುವ ಚಿತ್ರವನ್ನು ನಾವು ಯಾರೂ ಕಲ್ಪಿಸಿಕೊಂಡಿಲ್ಲ.) ಹೆಂಡದಲ್ಲಿ ಮದ್ಯಸಾರದ ಪ್ರಮಾಣ ಸುಮಾರು ಶೇಕಡ 5. 1967ರಲ್ಲಿ ರಾಜ್ಯದ ಪಾನನಿಷೇಧ ತೆರವಾದ ಮೇಲೆ ಸಾರಾಯಿ ಅಂಗಡಿಗಳು ಹಳ್ಳಿಹಳ್ಳಿಗೆ ಬಂದವು. ಮುಂದೆ ಪ್ಲಾಸ್ಟಿಕ್ ಪ್ಯಾಕೆಟ್ಟುಗಳು ಬಂದವು. 2004ರಲ್ಲಿ ಕರಾವಳಿಯ ಕಡೆಯನ್ನು ಬಿಟ್ಟು ಉಳಿದೆಡೆ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಹೆಣ್ಣುಮಕ್ಕಳು ಅಂದು ನಿಟ್ಟುಸಿರು ಬಿಟ್ಟರು. ಆದರೆ ಕುಡಿಯುವವರು ನಿಲ್ಲಲಿಲ್ಲ. ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮುಗಳಿಗೆ ತಿರುಗಿಕೊಂಡರು. ಇವುಗಳಲ್ಲಿ ಮದ್ಯಸಾರ ಶೇಕಡ 42.8. ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ.

ಈಗ ಎಂಟನೆಯ ತರಗತಿಯ ಗಣಿತ. ‘ನೈಂಟಿ’ ಎಂದು ನಮ್ಮವರು ಕರೆಯುವ 90 ಮಿಲಿಲೀಟರಿನ ಒಂದು ಪೊಟ್ಟಣದಲ್ಲಿ ಶುದ್ಧ ಮದ್ಯಸಾರ ಸುಮಾರು 38 ಮಿಲಿಲೀಟರು. ತೂಕದಲ್ಲಿ ಹೇಳುವುದಾದರೆ 30 ಗ್ರಾಂ. ನಮ್ಮ ದೇಶದ ವೈದ್ಯರು 10 ಗ್ರಾಮನ್ನು ಒಂದು ಅಳತೆಯೆಂದು ಎಣಿಸುತ್ತಾರೆ. ಅಂದರೆ ‘ಒಂದೇ ಒಂದು’ ಎಂದು ನಮ್ಮ ತಾತ ತೋರಿಸುವ ಬೆರಳು ವಾಸ್ತವವಾಗಿ ಮೂರು ಬೆರಳು. ಕ್ವಾರ್ಟರ್ ಆದರೆ ಆರು. ಹೆಂಡದ ಲೆಕ್ಕಕ್ಕೆ ತಂದರೆ, ಅಂಗೈಯಲ್ಲಿ ಅಡಗುವ ಆ ಪೊಟ್ಟಣ ಮುಕ್ಕಾಲು ಲೀಟರಿಗೂ ಮೀರಿದ ಹೆಂಡಕ್ಕೆ ಸಮ. ಮುಕ್ಕಾಲು ಲೀಟರು ಹೆಂಡ ಕುಡಿಯುವುದಕ್ಕೆ ಸಮಯ ಬೇಕಿತ್ತು, ಹೊಟ್ಟೆಯಲ್ಲಿ ಜಾಗ ಬೇಕಿತ್ತು, ಜೊತೆಗೆ ನಂಜಿಕೊಳ್ಳಲು ಹುರಿಗಡಲೆಯೋ ಮತ್ತೊಂದೋ ಇರುತ್ತಿತ್ತು. ಪೊಟ್ಟಣಕ್ಕೆ ಇದಾವುದೂ ಬೇಡ. ಎರಡು ಗುಟುಕಿನಲ್ಲಿ ಮುಗಿಯುತ್ತದೆ. ಹೆಂಡವನ್ನು ನಾನು ಹೊಗಳುತ್ತಿದ್ದೇನೆಂದು ದಯಮಾಡಿ ತಿಳಿಯಬಾರದು. ಹೆಂಡದಿಂದ ಹಾಳಾದ ಸಂಸಾರಗಳನ್ನು ಈ ಸೀಮೆ ಬೇಕಾದಷ್ಟು ಕಂಡಿದೆ. ‘ಅವತ್ತು ಎಷ್ಟೋ ಇವತ್ತೂ ಅಷ್ಟೇ’ ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಕುಡಿಯುವ ಪದಾರ್ಥ ಬದಲಾದ ಹಾಗೆಯೇ ಕುಡಿಯುವ ದೇಹವೂ ಬದಲಾಗಿದೆ. ಇದನ್ನು ಬಹುಜನ ಗಮನಿಸುವುದಿಲ್ಲ. ವಯಸ್ಸಾದಂತೆ ದೇಹದಲ್ಲಿ ಮಾಂಸಖಂಡ ಕಡಿಮೆಯಾಗುತ್ತದೆ, ನೀರಿನ ಅಂಶವೂ ಇಳಿಯುತ್ತದೆ. ಮದ್ಯಸಾರ ನೀರಿನಲ್ಲಿ ಹರಡಿಕೊಳ್ಳುವ ವಸ್ತು. ತುಂಬಿದ ಕೊಡಕ್ಕೆ ಹಾಕಿದ ಒಂದು ಹಿಡಿ ಉಪ್ಪಿಗೂ ಅರ್ಧ ಕೊಡಕ್ಕೆ ಹಾಕಿದ ಅದೇ ಹಿಡಿ ಉಪ್ಪಿಗೂ ಇರುವ ವ್ಯತ್ಯಾಸ ಅಡುಗೆ ಮಾಡುವವರಿಗೆಲ್ಲ ಗೊತ್ತು. ಜೊತೆಗೆ ಅದನ್ನು ಅರಗಿಸುವ ಯಕೃತ್ತಿನ ವೇಗ ತಗ್ಗಿರುತ್ತದೆ; ಮಿದುಳು ಅದರ ಪರಿಣಾಮಕ್ಕೆ ಹೆಚ್ಚು ಬೇಗ ಒಳಗಾಗುತ್ತದೆ. ನಲವತ್ತರಲ್ಲಿ ಹಾಡು ಹೇಳಿಸುತ್ತಿದ್ದ ಪ್ರಮಾಣ ಎಪ್ಪತ್ತರಲ್ಲಿ ನೆಲಕ್ಕೆ ಬೀಳಿಸುತ್ತದೆ. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು 65 ದಾಟಿದ, ಆರೋಗ್ಯವಾಗಿರುವ, ಯಾವ ಮಾತ್ರೆಯನ್ನೂ ಸೇವಿಸದವರಿಗೆ ಬಹುಕಾಲದಿಂದ ಹೇಳುತ್ತ ಬಂದ ಗರಿಷ್ಠ ಮಿತಿ ವಾರಕ್ಕೆ ಅವರ 7 ಅಳತೆ, ಅಂದರೆ ನೂರು ಗ್ರಾಮಿನ ಒಳಗೆ. ನಮ್ಮ ತಾತ ದಿನಕ್ಕೊಂದು ನೈಂಟಿಯಂತೆ ವಾರಕ್ಕೆ 210 ಗ್ರಾಂ ಕುಡಿಯುತ್ತಾರೆ. ಮಾತ್ರೆಗಳನ್ನೂ ನುಂಗುತ್ತಾರೆ.

ಇನ್ನು ‘ವಯಸ್ಸಾಯ್ತಲ್ಲ’ ಎಂಬ ಮಾತಿಗೆ ಬರೋಣ. ವಯಸ್ಸಾಗುವುದು ಬೇರೆ, ನಿತ್ರಾಣವಾಗುವುದು ಬೇರೆ ಎಂಬ ತಿಳಿವಳಿಕೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟವಾಗಿ ರೂಪುಗೊಂಡದ್ದು ಇತ್ತೀಚೆಗೆ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರು 65 ದಾಟಿದ 5 ಸಾವಿರಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ ಐದು ಕುರುಹುಗಳನ್ನು ಗುರುತಿಸಿದರು. ಬೇಕೆಂದು ಇಳಿಸದೆಯೇ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಐದರಲ್ಲಿ ಮೂರಿದ್ದರೆ ನಿತ್ರಾಣ. ಒಂದೋ ಎರಡೋ ಇದ್ದರೆ ಅದರ ಹೊಸ್ತಿಲು. ಇಂಥವರಿಗೆ ಸಣ್ಣ ಜ್ವರವೂ ದೊಡ್ಡ ಹೊಡೆತವಾಗುತ್ತದೆ, ಬಿದ್ದರೆ ಎದ್ದು ಚೇತರಿಸಿಕೊಳ್ಳುವುದು ಕಷ್ಟವಾಗುತ್ತದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111 ವರ್ಷ ಬದುಕಿ 2019ರಲ್ಲಿ ಲಿಂಗೈಕ್ಯರಾದರು. ನೂರು ದಾಟಿದ ಮೇಲೂ ದಿನಚರಿಯನ್ನು ಬಿಡದೆ ನಡೆಸಿದ್ದನ್ನು ಈ ಜಿಲ್ಲೆಯವರೆಲ್ಲ ನೋಡಿದ್ದೇವೆ. ಎಲ್ಲರೂ ಹಾಗಿರಲು ಸಾಧ್ಯವಿಲ್ಲ, ನಿಜ. ಆದರೆ ಅರವತ್ತೈದಕ್ಕೇ ಜಗಲಿಯ ಕಂಬ ಹಿಡಿಯುವುದನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುವುದು ಅಷ್ಟು ಸಲೀಸಲ್ಲ ಎಂಬುದಕ್ಕೆ ಆ ಉದಾಹರಣೆ ಸಾಕು.

ಆ ಐದು ಕುರುಹುಗಳನ್ನು ಚೇಳೂರಿನ ಭಾಷೆಗೆ ತಂದುಕೊಂಡರೆ ಹೀಗಾಗುತ್ತದೆ: ಪಂಚೆಯ ಗಂಟು ಮೊದಲಿಗಿಂತ ಒಳಕ್ಕೆ ಬಿಗಿಯಬೇಕಾಗಿದೆ. ಹಸುವಿಗೆ ಹುಲ್ಲು ಹಾಕಿ ಬಂದರೆ ಕುಳಿತುಬಿಡಬೇಕೆನ್ನಿಸುತ್ತದೆ. ಹಲಸಿನ ತೊಳೆ ಬಿಡಿಸಲು ಮೊಮ್ಮಗನನ್ನು ಕರೆಯಬೇಕಾಗಿದೆ. ಬಸ್ಸು ನಿಲ್ಲುವ ಜಾಗಕ್ಕೆ ಹೋಗಲು ಕಾಲು ಗಂಟೆ ಮೊದಲೇ ಹೊರಡಬೇಕಾಗಿದೆ. ತೋಟದ ಕಡೆ ಹೋಗಿ ತಿಂಗಳಾಯಿತು. ಇವನ್ನೆಲ್ಲ ನೋಡುವುದಕ್ಕೆ ಯಂತ್ರ ಬೇಕಿಲ್ಲ.

ಕುಡಿತ ಈ ಐದಕ್ಕೂ ಕೈ ಹಾಕುತ್ತದೆ. ರಾತ್ರಿ ಕುಡಿದವರು ಸರಿಯಾಗಿ ಉಣ್ಣುವುದಿಲ್ಲ. ಮದ್ಯ ಹಸಿವನ್ನು ಹುಸಿಯಾಗಿ ತಣಿಸುತ್ತದೆ. ಅದರಲ್ಲಿ ಶಾಖ ಉಂಟು, ಸತ್ವವಿಲ್ಲ. ತಯಾಮಿನ್ ಎಂಬ ಬಿ ಗುಂಪಿನ ಜೀವಸತ್ವವನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ. ಅದರ ಕೊರತೆಯಿಂದ ಕಾಲಿನ ನರ ಜೋಮು ಹಿಡಿಯುತ್ತದೆ, ನೆನಪು ಕೆಡುತ್ತದೆ. ಮಾಂಸಖಂಡ ಕಟ್ಟುವ ಕೆಲಸವನ್ನು ಮದ್ಯಸಾರ ಕುಂಠಿಸುತ್ತದೆ, ಮೂಳೆಯನ್ನು ಸಡಿಲಗೊಳಿಸುತ್ತದೆ. ನಿದ್ದೆ ಬೇಗ ಬರುತ್ತದೆ, ಆದರೆ ನಡುರಾತ್ರಿ ಒಡೆಯುತ್ತದೆ. ಮೂತ್ರಕ್ಕೆಂದು ಕತ್ತಲಲ್ಲಿ ಎದ್ದಾಗಲೇ ಬೀಳುವುದು. ಬಿದ್ದ ಮೇಲೆ ಹೆದರಿಕೆ, ಹೆದರಿಕೆಯಿಂದ ಓಡಾಟ ಕಡಿಮೆ, ಓಡಾಟ ಕಡಿಮೆಯಾದರೆ ಕಾಲಿನ ಕಸುವು ಇನ್ನಷ್ಟು ಕಡಿಮೆ. ಬೇಸರಕ್ಕೆ ಮತ್ತೊಂದು ಪೊಟ್ಟಣ.

ಇಲ್ಲೊಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಇದು ಕೊಟ್ಟಿಗೆಯ ಹಿಂದೆ ಕೂರುವವರಿಂದ ಬರುವುದಿಲ್ಲ. ನಮ್ಮಂಥ ಪಿಂಚಣಿದಾರರಿಂದ, ಪಟ್ಟಣದಲ್ಲಿ ಮನೆ ಕಟ್ಟಿಸಿದ ನಿವೃತ್ತ ಅಧಿಕಾರಿಗಳಿಂದ ಬರುತ್ತದೆ. ‘ಸ್ವಲ್ಪ ತೆಗೆದುಕೊಂಡರೆ ಹೃದಯಕ್ಕೆ ಒಳ್ಳೆಯದಂತೆ, ಮಿತವಾಗಿ ಕುಡಿಯುವ ವೃದ್ಧರು ಕುಡಿಯದವರಿಗಿಂತ ಗಟ್ಟಿಯಾಗಿರುತ್ತಾರಂತೆ, ಸಂಶೋಧನೆಯೇ ಹೇಳಿದೆ’ ಎಂದು ಅವರು ಪತ್ರಿಕೆಯ ತುಣುಕನ್ನು ತೋರಿಸುತ್ತಾರೆ. ಅಂಥ ಸಂಶೋಧನೆಗಳು ಇರುವುದು ನಿಜ. ಅವುಗಳಲ್ಲಿ ಮಿತಪಾನಿಗಳು ಕುಡಿಯದವರಿಗಿಂತ ಆರೋಗ್ಯವಂತರಾಗಿ ಕಂಡದ್ದೂ ನಿಜ. ಆದರೆ ಆ ‘ಕುಡಿಯದವರು’ ಯಾರು ಎಂಬ ಪ್ರಶ್ನೆಯನ್ನು ಕೇಳಿದವರು ಕೆಲವರು. ನಮ್ಮೂರಿನಲ್ಲಿಯೇ ನೋಡಿ: ಎಪ್ಪತ್ತೈದು ವರ್ಷದ, ಕುಡಿಯದ ಹತ್ತು ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಹಲವರು ಮೊದಲು ಕುಡಿಯುತ್ತಿದ್ದು, ಯಕೃತ್ತು ಕೆಟ್ಟೋ, ಪಾರ್ಶ್ವವಾಯು ಬಡಿದೋ, ವೈದ್ಯರ ಮಾತಿಗೆ ಹೆದರಿ ಬಿಟ್ಟವರು. ಇನ್ನೂ ಕುಡಿಯುತ್ತಿರುವವರು, ಕುಡಿಯುವಷ್ಟು ಮೈ ಚೆನ್ನಾಗಿರುವವರು! ಕಾಯಿಲೆಯವರನ್ನೆಲ್ಲ ಒಂದು ಕಡೆ ನಿಲ್ಲಿಸಿ, ಗಟ್ಟಿಮುಟ್ಟಾದವರನ್ನು ಇನ್ನೊಂದು ಕಡೆ ನಿಲ್ಲಿಸಿ, ಮದ್ಯದಿಂದಲೇ ಇವರು ಗಟ್ಟಿಯಾದರು ಎಂದರೆ ಅದು ತರ್ಕವಾಗುವುದಿಲ್ಲ. 2006ರಲ್ಲಿ ಕೇ ಫಿಲ್ಮೋರ್, ಟಿಮ್ ಸ್ಟಾಕ್‌ವೆಲ್ ಮೊದಲಾದವರು ಮದ್ಯಪಾನಕ್ಕೂ ಆಯುಸ್ಸಿಗೂ ಸಂಬಂಧಿಸಿದ 54 ಅಧ್ಯಯನಗಳನ್ನು ಜರಡಿಗೆ ಹಾಕಿದಾಗ ಈ ದೋಷವಿಲ್ಲದವು ಕೇವಲ 7 ಉಳಿದವು. ಆ ಏಳರಲ್ಲಿ ಮಿತಪಾನದ ಲಾಭ ಕಾಣಿಸಲಿಲ್ಲ. ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲವೆಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ಪತ್ರಿಕೆಯ ತುಣುಕನ್ನು ಜೋಪಾನವಾಗಿ ಇಟ್ಟುಕೊಂಡಿರುವ ಸ್ನೇಹಿತರು ಇದನ್ನೂ ಕತ್ತರಿಸಿ ಅದರ ಪಕ್ಕದಲ್ಲಿ ಅಂಟಿಸಿಕೊಳ್ಳಬಹುದು.

ಮಾತ್ರೆಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಅರವತ್ತೈದು ದಾಟಿದವರ ಮನೆಯ ಗೂಡಿನಲ್ಲಿ ಇಂದು ದೇವರ ಪಟದ ಪಕ್ಕದಲ್ಲಿ ಮಾತ್ರೆಯ ಡಬ್ಬಿ ಇರುತ್ತದೆ. ರಕ್ತದೊತ್ತಡದ ಮಾತ್ರೆ ನುಂಗಿ ಕುಡಿದವರಿಗೆ ಎದ್ದು ನಿಂತ ಕೂಡಲೇ ಒತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳೊಡನೆ, ಅದರಲ್ಲೂ ಊಟ ಬಿಟ್ಟು ಕುಡಿದರೆ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಬೆವರಿ, ತೊದಲಿ, ಮಂಕಾಗಿ ಕುಳಿತವರನ್ನು ನೋಡಿ ಮನೆಯವರು ‘ಕುಡಿದು ಬಿದ್ದಿದ್ದಾನೆ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಮಂಡಿನೋವಿನ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ನಿದ್ದೆಮಾತ್ರೆಯ ಜೊತೆ ಸೇರಿದರೆ ಉಸಿರೇ ಮಂದವಾಗಬಹುದು. ಇನ್ನೊಂದು ಅಪಾಯವಂತೂ ಬಹಳ ಮೋಸದ್ದು. ವಯಸ್ಸಾದವರ, ಅದರಲ್ಲೂ ಬಹುಕಾಲ ಕುಡಿದವರ ಮಿದುಳು ಸ್ವಲ್ಪ ಸಂಕುಚಿಸಿರುತ್ತದೆ. ತಲೆಬುರುಡೆಗೂ ಅದಕ್ಕೂ ನಡುವಿನ ಸಣ್ಣ ರಕ್ತನಾಳಗಳು ಸೆಳೆದಂತಾಗಿರುತ್ತವೆ. ಬಾಗಿಲ ಚೌಕಟ್ಟಿಗೆ ತಲೆ ತಗುಲಿದ್ದೂ ಮರೆತುಹೋಗಿರುತ್ತದೆ, ಒಳಗೆ ರಕ್ತ ಹನಿಹನಿಯಾಗಿ ಜಿನುಗುತ್ತಿರುತ್ತದೆ. ವಾರಗಳಾದ ಮೇಲೆ ಮಂಕು, ಮರೆವು, ಒಂದು ಕಾಲು ಎಳೆಯುವುದು. ಆಗಲೂ ನಮ್ಮ ಉತ್ತರ ಸಿದ್ಧವಾಗಿರುತ್ತದೆ: ವಯಸ್ಸಾಯ್ತಲ್ಲ! ಸ್ಕ್ಯಾನ್ ಮಾಡಿಸಿದ್ದರೆ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳಬಹುದಾಗಿದ್ದವರು ಎಷ್ಟು ಜನ ಹೀಗೆ ಮೂಲೆಯಲ್ಲಿ ಮಲಗಿದರೋ!

ನಮ್ಮ ಕಡೆಯ ಒಬ್ಬ ಹಿರಿಯರ ವಿಚಾರ ಹೇಳುತ್ತೇನೆ. ಹೆಸರೂ ಊರೂ ಬೇಡ. ತೋಟದ ಕೆಲಸ ಮಾಡಿಕೊಂಡಿದ್ದವರು, ಸೌಮ್ಯ ಸ್ವಭಾವದವರು. ಕುಡಿದು ಬೈದವರಲ್ಲ, ಹೊಡೆದವರಲ್ಲ. ದಿನವೂ ಸಂಜೆ ಕುಡಿದು ಮಲಗಿಬಿಡುತ್ತಿದ್ದರು. ಆದ್ದರಿಂದಲೇ ಅವರ ಕುಡಿತವನ್ನು ಯಾರೂ ಕುಡಿತವೆಂದು ಎಣಿಸಿರಲಿಲ್ಲ. ಒಂದು ಬೆಳಗಿನ ಜಾವ ಕಲಗಚ್ಚಿನ ಬಾನಿಯ ಬಳಿ ಬಿದ್ದು ಸೊಂಟದ ಮೂಳೆ ಮುರಿಯಿತು. ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಎರಡು ದಿನ ಚೆನ್ನಾಗಿಯೇ ಇದ್ದರು. ಮೂರನೆಯ ರಾತ್ರಿ ಕೈ ನಡುಗತೊಡಗಿತು. ಹೊದಿಕೆಯನ್ನು ಕೀಳುವುದು, ವಾರ್ಡಿನಲ್ಲಿ ಮೇಕೆಗಳು ನುಗ್ಗಿವೆ ಎಂದು ಕೂಗುವುದು, ಮುರಿದ ಕಾಲಿನಲ್ಲೇ ಇಳಿದು ಓಡಲು ನೋಡುವುದು. ಬಂಧುಗಳು ಗಾಳಿ ಸೋಕಿದೆ ಎಂದರು. ತರುಣ ವೈದ್ಯರೊಬ್ಬರು ಬಂದು, ‘ತಾತ ಕುಡೀತಾರಾ?’ ಎಂದು ಮಗನನ್ನು ಕೇಳಿದರು. ಸುತ್ತ ಬೀಗರು ನಿಂತಿದ್ದರು. ಮಗ, ‘ಇಲ್ಲ ಸಾರ್, ಅಂಥಾ ಅಭ್ಯಾಸ ಏನೂ ಇಲ್ಲ’ ಎಂದುಬಿಟ್ಟ. ಮರುದಿನ ಬೆಳಿಗ್ಗೆ ಅಜ್ಜಿ, ಹಾಸಿಗೆ ಸರಿಮಾಡಲು ಬಂದ ನರ್ಸಮ್ಮನ ಕಿವಿಯಲ್ಲಿ, ‘ದಿನಾ ಒಂದು ತಗೋತಿದ್ರು ಕಣವ್ವಾ, ಹಬ್ಬಹರಿದಿನ ಎರಡು’ ಎಂದು ಹೇಳಿದ ಮೇಲೆಯೇ ಚಿಕಿತ್ಸೆ ದಾರಿಗೆ ಬಂದದ್ದು. ದಿನವೂ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಇಂಥ ಸನ್ನಿ ಬರಬಹುದು, ಫಿಟ್ಸ್ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ವೃದ್ಧರಲ್ಲಿ ಇನ್ನೂ ಹೆಚ್ಚು. ಆ ಮನೆಯ ಮಾನ ಉಳಿಸಲು ಹೇಳಿದ ಒಂದು ಸುಳ್ಳಿಗೆ ಇಡೀ ಒಂದು ರಾತ್ರಿ ಹೋಗಿತ್ತು.

ಹಾಗೆಂದು ಮಗನನ್ನು ದೂರಿ ಫಲವಿಲ್ಲ. ಕುಡಿಯುವವನನ್ನು ಕೆಟ್ಟವನೆಂದು, ಕುಡಿಯದವನನ್ನು ಒಳ್ಳೆಯವನೆಂದು ಎರಡೇ ಪಂಗಡ ಮಾಡಿ ಶಾಲೆಯಲ್ಲಿ ನೀತಿಪಾಠ ಹೇಳಿದವರು ನಮ್ಮ ವೃತ್ತಿಯವರೇ. ಅಪ್ಪನನ್ನು ಕೆಟ್ಟವರ ಪಂಗಡಕ್ಕೆ ಸೇರಿಸಲು ಯಾವ ಮಗನ ನಾಲಗೆ ಏಳುತ್ತದೆ? ಹೆಂಗಸರ ವಿಷಯದಲ್ಲಿ ಇದು ಇನ್ನೂ ಕಷ್ಟ. ಕೂಲಿ ಮಾಡಿ ಹಣ್ಣಾದ ಅಜ್ಜಿಯರಲ್ಲಿ ಕುಡಿಯುವವರು ಇದ್ದಾರೆ. ಅವರ ಬಗ್ಗೆ ವೈದ್ಯರು ಕೇಳುವುದೂ ಇಲ್ಲ, ಮನೆಯವರು ಹೇಳುವುದೂ ಇಲ್ಲ. ಹೆಂಗಸರ ದೇಹದಲ್ಲಿ ನೀರಿನ ಅಂಶ ಮೊದಲೇ ಕಡಿಮೆಯಾದ್ದರಿಂದ ಅವರಿಗೆ ತಟ್ಟುವುದು ಮಾತ್ರ ಹೆಚ್ಚು.

ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ಒಂದು ಪರಿಶೀಲನಾ ಪಟ್ಟಿಯಿದೆ. ಮೂವತ್ತು ದಾಟಿದವರೆಲ್ಲರ ರಕ್ತದೊತ್ತಡ, ಸಕ್ಕರೆ ಮುಂತಾದ ಕಾಯಿಲೆಗಳ ಸಂಭವವನ್ನು ಗುರುತಿಸುವುದಕ್ಕೆ ಮಾಡಿದ್ದು. ಅದರಲ್ಲಿ ಪ್ರತಿದಿನ ಮದ್ಯ ಸೇವಿಸುತ್ತೀರಾ ಎಂಬ ಪ್ರಶ್ನೆ ಇದೆ. ಅರವತ್ತು ದಾಟಿದವರಿಗೆಂದೇ ಇರುವ ಭಾಗದಲ್ಲಿ, ನಿಲ್ಲುವಾಗ ನಡೆಯುವಾಗ ತೋಲನ ತಪ್ಪಿದಂತಾಗುತ್ತದೆಯೇ, ಉಣ್ಣಲು ಉಡಲು ಬೇರೆಯವರ ಸಹಾಯ ಬೇಕೇ, ಹತ್ತಿರದವರ ಹೆಸರು ಮರೆಯುತ್ತದೆಯೇ ಎಂಬ ಪ್ರಶ್ನೆಗಳೂ ಇವೆ. ಎರಡೂ ಒಂದೇ ಪಟ್ಟಿಯಲ್ಲಿವೆ! ನನಗೆ ಇದನ್ನು ಕಂಡು ಸಂತೋಷವೂ ಆಯಿತು, ಬೇಸರವೂ ಆಯಿತು. ಏಕೆಂದರೆ ಮದ್ಯದ ಪ್ರಶ್ನೆಗೆ ಉತ್ತರ ಬರುವುದು ತಾತನಿಂದಲ್ಲ. ಬಾಗಿಲಲ್ಲಿ ನಿಂತ ಸೊಸೆಯಿಂದ, ಅದೂ ‘ಇಲ್ಲ’ ಎಂದು. ತೋಲನದ ಪ್ರಶ್ನೆಗೆ ಉತ್ತರ, ‘ವಯಸ್ಸಾಗಿದೆಯಲ್ಲಕ್ಕಾ’ ಎಂದು. ಬಿಸಿಲಲ್ಲಿ ಹತ್ತಾರು ಮನೆ ಸುತ್ತಬೇಕಾದ ಆ ತಾಯಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾಳೆ.

ಸರ್ಕಾರದ ಮಾತೂ ಬರಬೇಕಲ್ಲ. 2025-26ರ ಮುಂಗಡ ಪತ್ರದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ದೊರೆಯುವುದು 1,200 ರೂಪಾಯಿ. ಈ ಹಣದಲ್ಲಿ ಒಂದು ಪಾಲು ಹೋದ ದಾರಿಯಲ್ಲೇ ಬೊಕ್ಕಸಕ್ಕೆ ಹಿಂತಿರುಗುತ್ತದೆ. ‘ಕುಡಿಯುವವರಿಗೆ ಪಿಂಚಣಿ ನಿಲ್ಲಿಸಬೇಕು’ ಎಂದು ಅರಳಿಕಟ್ಟೆಯ ಮೇಲೆ ಕೆಲವರು ಹೇಳುವುದುಂಟು. ನಾನು ಖಂಡಿತವಾಗಿ ಒಪ್ಪುವುದಿಲ್ಲ. ಆ ಹಣ ನಿಂತರೆ ಮೊದಲು ನಿಲ್ಲುವುದು ಹಾಲು ಮತ್ತು ಮಾತ್ರೆ, ಪೊಟ್ಟಣ ಕೊನೆಯಲ್ಲಿ. ನಲವತ್ತು ಸಾವಿರ ಕೋಟಿಯನ್ನು ಎಣಿಸಿಕೊಳ್ಳುವವರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನವಾದರೂ ವೃದ್ಧರನ್ನೇ ಕೂರಿಸಿಕೊಂಡು ನಿಧಾನವಾಗಿ ಮಾತನಾಡಿಸುವ ವೈದ್ಯರನ್ನೂ ವ್ಯಾಯಾಮ ಹೇಳಿಕೊಡುವವರನ್ನೂ ನೇಮಿಸಲಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

‘ಎಂಬತ್ತರ ಮುದುಕನ ಕೈಯಿಂದ ಕಿತ್ತುಕೊಂಡು ನೀವೇನು ಸಾಧಿಸುತ್ತೀರಿ? ಅವನಿಗೆ ಇರುವ ಸುಖ ಅದೊಂದೇ’ ಎಂದು ಕೇಳುವವರ ಮಾತಿನಲ್ಲಿ ಸತ್ಯವಿದೆ; ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅದೊಂದೇ ಸುಖ ಏಕಾಯಿತು? ಮೊದಲು ಹೆಂಡದಂಗಡಿಯ ಮುಂದಾದರೂ ನಾಲ್ಕು ಜನ ಸೇರುತ್ತಿದ್ದರು. ನಾಟಕದ ಕಂದಗಳನ್ನು ಹೇಳುತ್ತಿದ್ದರು. ಗುಬ್ಬಿ ವೀರಣ್ಣನವರ ಸೀಮೆಯಲ್ಲವೇ ಇದು! ಈಗ ತಾತ ಒಬ್ಬರೇ ಕೊಟ್ಟಿಗೆಯ ಹಿಂದೆ ಕತ್ತಲಲ್ಲಿ ಕುಡಿಯುತ್ತಾರೆ. ಹೆಂಡತಿಯನ್ನು ಕಳೆದುಕೊಂಡ ಮೇಲೆ, ಜಮೀನು ಪಾಲಾದ ಮೇಲೆ, ಮರ ಹತ್ತುವುದು ನಿಂತ ಮೇಲೆ ಕುಡಿತ ಹೆಚ್ಚಾದವರನ್ನು ನಾನು ಬಲ್ಲೆ. ಅದನ್ನು ಸುಖವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮಂಡಿ ನೋವಿಗೆ, ನಿದ್ದೆ ಬಾರದ್ದಕ್ಕೆ, ಮಾತನಾಡಿಸುವವರಿಲ್ಲದ್ದಕ್ಕೆ ಅವರೇ ಕಂಡುಕೊಂಡ ಔಷಧಿ ಅದು; ಆ ಮೂರಕ್ಕೂ ಬೇರೆ ಔಷಧಿಗಳಿವೆ. ಸಂಜೆ ಆರು ಗಂಟೆಗೆ ಮೊಮ್ಮಗ ಬೆಂಗಳೂರಿನಿಂದ ಮಾಡುವ ಫೋನು ಕೂಡ ಅವುಗಳಲ್ಲಿ ಒಂದು. ಅದು ಏಳು ಗಂಟೆಗಾದರೆ ತಡವಾಗಿರುತ್ತದೆ.

ಪೊಟ್ಟಣವನ್ನು ಬಚ್ಚಿಡುವುದು, ಬೀಗ ಹಾಕುವುದು, ಮಕ್ಕಳ ಮುಂದೆ ಬೈಯುವುದು ಇವುಗಳಿಂದ ಪ್ರಯೋಜನವಿಲ್ಲ. ಥಟ್ಟನೆ ನಿಲ್ಲಿಸಿದರೆ ಅಪಾಯವೂ ಉಂಟೆಂದು ಮೇಲೆ ಹೇಳಿದ್ದೇನೆ. ಮದ್ಯವರ್ಜನ ಶಿಬಿರಗಳು ನಮ್ಮ ಜಿಲ್ಲೆಯಲ್ಲಿ ನಡೆಯುತ್ತವೆ, ಅನೇಕ ಸಂಸಾರಗಳಿಗೆ ನೆರವಾಗಿವೆ. ಆದರೆ ಎಪ್ಪತ್ತು ದಾಟಿದವರನ್ನು ಅಲ್ಲಿಗೆ ಕಳುಹಿಸುವ ಮೊದಲು ವೈದ್ಯರಿಗೆ ತೋರಿಸಬೇಕು. ಎಷ್ಟು ದಿನಗಳಲ್ಲಿ ಹೇಗೆ ಇಳಿಸಬೇಕು, ತಯಾಮಿನ್ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ದೂರವಾಣಿಯಲ್ಲಿ ಕೇಳಬೇಕೆಂದರೆ 14416 ಎಂಬ ಸಂಖ್ಯೆಯ ಟೆಲಿ ಮನಸ್ ಸೇವೆ 2022ರಿಂದ ಇದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ.

ಪೂರ್ತಿ ಬಿಡದಿದ್ದರೂ ಕಡಿಮೆಯಾದರೆ ಲಾಭವುಂಟು. ಹೊಸ್ತಿಲಲ್ಲಿರುವವರು ಹಿಂದಕ್ಕೆ ಬರಬಹುದು ಎಂಬುದು ಈ ಐದು ಕುರುಹುಗಳ ವಿಚಾರದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ. ಅದಕ್ಕೆ ದುಬಾರಿ ಡಬ್ಬಿಯ ಪುಡಿ ಬೇಡ. ಮುದ್ದೆಯ ಜೊತೆ ಹುರುಳಿಕಾಳಿನ ಸಾರೋ ಅವರೆಕಾಳೋ, ತಿನ್ನುವವರಿಗೆ ದಿನಕ್ಕೊಂದು ಮೊಟ್ಟೆ, ಮಲಗುವಾಗ ಒಂದು ಲೋಟ ಹಾಲು. ಕುರ್ಚಿಯಿಂದ ಕೈಯೂರದೆ ಐದು ಸಲ ಎದ್ದು ಕೂರುವ ಅಭ್ಯಾಸ. ಮೊದಮೊದಲು ಯಾರಾದರೂ ಪಕ್ಕದಲ್ಲಿ ನಿಂತಿರಬೇಕು. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯೆಲ್ಲ ಉರಿಯುವ ಒಂದು ಸಣ್ಣ ದೀಪ. ಊಟಕ್ಕೆ ಮೊದಲು ಕುಡಿಯುವುದಿಲ್ಲ ಎಂಬ ಒಂದು ಒಪ್ಪಂದವಾದರೂ ಆದರೆ, ಎಷ್ಟೋ ಜನರಿಗೆ ಆ ಮೇಲೆ ಅಷ್ಟೊಂದು ಬೇಕೆನ್ನಿಸುವುದಿಲ್ಲ.

ಮುಂದಿನ ಸಲ ತಂದೆಯನ್ನೋ ತಾಯಿಯನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಮಾತ್ರೆಗಳ ಚೀಟಿಯ ಜೊತೆಗೆ ಸಂಜೆಯ ಖಾಲಿ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬೀಗರ ಮುಂದೆ ಬಾಯಿಬಿಟ್ಟು ಹೇಳಬೇಕಾದ ಸಂಕಟವೂ ಇರುವುದಿಲ್ಲ. ಎಷ್ಟು ಮಿಲಿಲೀಟರು, ಶೇಕಡ ಎಷ್ಟು ಎಂದು ಅದರ ಮೇಲೆಯೇ ಬರೆದಿರುತ್ತದೆ, ವೈದ್ಯರು ಓದಿಕೊಳ್ಳುತ್ತಾರೆ.